ಕತ್ತೆಮರಿಯ ಬಲಗಾಲು

ಬೈಕನ್ನು ಎತ್ತಿ ನಿಲ್ಲಿಸುವ ಕಬ್ಬಿಣದ ಯಂತ್ರವನ್ನು ಕೈರೋದಿಂದ ತರಿಸಿದರೆ ಹದಿನಾಲ್ಕು ಸಾವಿರ ಪೌಂಡು, ಸಾಗಣೆ ಬೇರೆ. ಕುರ್ಚಿ ಮಂಚದ ಕೆಲಸಕ್ಕೆ ಹೆಸರಾದ ದುಮ್ಯಾತ್ ಊರಲ್ಲೇ ಬೆಸುಗೆಯವನ ಹತ್ತಿರ ಮಾಡಿಸಿದರೆ ಐದು ಸಾವಿರ, ಅದೂ ಅವನು ಹೇಳಿದ ವಾರಕ್ಕೆ ಕೊಟ್ಟರೆ. ಉಸ್ತಾ ಬಯೂಮಿ, ಅಂದರೆ ಮೇಸ್ತ್ರಿ ಬಯೂಮಿ, ಮರದಲ್ಲಿ ಮಾಡಿಕೊಡುತ್ತಿದ್ದ ಸ್ಟ್ಯಾಂಡಿಗೆ ಏಳುನೂರು. ಬಿಡಿಸಿ ನೋಡಿದರೆ ಝಾನ್ ಮರದ ತುಂಡುಗಳಿಗೆ ನೂರೈವತ್ತು. ಕುರ್ಚಿಗೆ ಕೊಯ್ದು ಉಳಿದು ಒಲೆಗೆ ಹೋಗಬೇಕಾದ ಮರ ಅದು, ಆದರೂ ಮರ ಮರವೇ. ಅಂಟಿಗೆ ಅರವತ್ತು, ಬೋಲ್ಟಿಗೆ ನಲವತ್ತು, ಪಾಲಿಶ್‌ಗೆ ಐವತ್ತು. ಮಿಕ್ಕಿದ್ದು ಒಂದು ದಿನದ ಕೂಲಿ. ಪುಟ್ಟಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಹಿಡಿ ಮರದ ಹೊಟ್ಟು, ಒಂದು ಚಮಚ ಅಂಟು, ಕಲಸಿದರೆ ಪುಟ್ಟಿ.

ಬಯೂಮಿ ಮೂವತ್ತೊಂಬತ್ತು ವರ್ಷ ಕುರ್ಚಿಯ ಚೌಕಟ್ಟು ಮಾಡಿದವನು. ದುಮ್ಯಾತ್‌ನಲ್ಲಿ ಒಂದು ಕುರ್ಚಿ ನಾಲ್ಕು ಕೈ ದಾಟುತ್ತದೆ. ಚೌಕಟ್ಟಿನವನು ಕೆತ್ತುವವನಿಗೆ ಕೊಡುತ್ತಾನೆ, ಕೆತ್ತುವವನು ಪಾಲಿಶ್‌ನವನಿಗೆ, ಅವನು ಮೆತ್ತೆ ಹೊಲಿಯುವವನಿಗೆ. ಪ್ರತಿಯೊಬ್ಬನೂ ಮುಂದಿನವನಿಗೆ ಮರದ ಮುಖ ಶುದ್ಧ ಮಾಡಿ ಕೊಡಬೇಕು ಅನ್ನುವುದು ಅಲ್ಲಿಯ ರೂಢಿ. ಮರದಲ್ಲಿ ಗಂಟಿದ್ದರೆ ಉಳಿಯ ತುದಿಯಿಂದ ಕೆದಕಿ, ಪುಟ್ಟಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದದಿಂದ ತಿಕ್ಕಿಬಿಟ್ಟರೆ ಮಾಡಿದವನ ಕಣ್ಣಿಗೂ ಕಾಣುವುದಿಲ್ಲ. ಅದು ಮೋಸ ಅಂತ ಅಲ್ಲಿ ಯಾರೂ ತಿಳಿದಿಲ್ಲ. ಕುರ್ಚಿಯ ಮೇಲೆ ಕೂತವನು ಕೂತಿರುತ್ತಾನೆ, ಅದರ ಮೇಲೆ ನಿಂತು ಕುಣಿಯುತ್ತಾನೆಯೇ? ಗಂಟನ್ನು ಮುಚ್ಚದೆ ಹಾಗೇ ಕೊಟ್ಟವನನ್ನೇ ಜನ ಪೆಟ್ಟಿಗೆ ಬಡಗಿ ಅಂತ ಆಡಿಕೊಳ್ಳುತ್ತಾರೆ; ಮೀನು ತುಂಬುವ ಪೆಟ್ಟಿಗೆ ಬಡಿಯುವುದಕ್ಕೇ ಸರಿ ಅನ್ನುವ ಅರ್ಥದಲ್ಲಿ.

ಬಯೂಮಿಯ ಅಂಗಡಿಯ ಗೋಡೆಗೆ ಅಂಟಿಕೊಂಡಿದ್ದದ್ದು ಶಲಬಿಯ ಬೈಕ್ ರಿಪೇರಿ ಅಂಗಡಿ. ಹನ್ನೆರಡು ವರ್ಷದ ನೆರೆ. ಶಲಬಿ ನಲವತ್ತು ದಾಟಿದವನು. ದಿನವಿಡೀ ಕುಕ್ಕರುಗಾಲಲ್ಲಿ ಕೂತು ಕೂತು ಸೊಂಟ ಹಿಡಿದುಹೋಗಿತ್ತು. ಒಂದು ಚಳಿಗಾಲದ ಬೆಳಿಗ್ಗೆ ಚೈನು ಬಿಗಿ ಮಾಡಲು ಕೂತವನಿಗೆ ಏಳುವುದಕ್ಕೇ ಆಗಲಿಲ್ಲ. ಬಯೂಮಿಯೂ ಬೀದಿಯ ಚಹಾದವನೂ ಎರಡು ಕಡೆ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಗೋಡೆಗೆ ಆನಿಸಿ ನಿಲ್ಲಿಸಿದಾಗ ಶಲಬಿ ಹಲ್ಲು ಕಚ್ಚಿಕೊಂಡೇ ನಕ್ಕ.

"ಬೈಕ್ ಎತ್ತೋಕೆ ಏನಾದ್ರೂ ಒಂದು ಮಾಡ್ಕೊಡಿ ಉಸ್ತಾ. ಇಲ್ಲಾಂದ್ರೆ ನನ್ನನ್ನ ಎತ್ತೋಕೆ ಒಂದು ಯಂತ್ರ ತರಿಸ್ಬೇಕಾಗುತ್ತೆ."

ಆ ಚಳಿಗಾಲ ಬಯೂಮಿಯ ಕೈಯಲ್ಲಿ ಕೆಲಸವೂ ಇರಲಿಲ್ಲ. ಮದುವೆಯ ಮನೆಯವರು ಕಾರ್ಖಾನೆಯ ಒತ್ತುಹಲಗೆ ಕುರ್ಚಿಗೇ ಹೋಗುತ್ತಿದ್ದರು. ಅವನು ಅಳತೆಪಟ್ಟಿ ಹಿಡಿದು ಬಂದು ಮೂರು ನಮೂನೆಯ ಬೈಕುಗಳ ಅಡಿ ಅಳೆದ. ಎರಡು ದಿನ ಯೋಚಿಸಿದ. ಮೂರನೆಯ ದಿನ ಒಂದು ಸ್ಟ್ಯಾಂಡು ತಂದಿಟ್ಟ. ಮೊಣಕಾಲಿಗಿಂತ ಸ್ವಲ್ಪ ಗಿಡ್ಡ, ಹೊರಕ್ಕೆ ಚಾಚಿದ ನಾಲ್ಕು ಕಾಲು, ಮೇಲೆ ಎಂಜಿನ್ನಿನ ಅಡಿಯ ಕೊಳವೆಗಳು ಕೂರುವ ಹಾಗೆ ಕೊರೆದ ಎರಡು ತೊಲೆ. ಬೈಕನ್ನು ಇಳಿಜಾರು ಹಲಗೆಯ ಮೇಲೆ ಹತ್ತಿಸಿ, ಅಡಿಗೆ ಸ್ಟ್ಯಾಂಡು ತಳ್ಳಿ, ಬೆಣೆ ಬಡಿದು, ಹಲಗೆ ಎಳೆದುಬಿಟ್ಟರೆ ಎರಡೂ ಚಕ್ರ ಗಾಳಿಯಲ್ಲಿ ತಿರುಗುತ್ತವೆ. ಶಲಬಿ ಒಂದು ಮಣೆಯ ಮೇಲೆ ರಾಜನ ಹಾಗೆ ಕೂತು ಚಕ್ರ ಬಿಚ್ಚಿದ.

ಆದರೆ ಬೀದಿಯವರು ನಕ್ಕದ್ದು ಅದರ ಬಣ್ಣಕ್ಕೆ. ಬರೀ ಮರವನ್ನು ಅಂಗಡಿಯಿಂದ ಹೊರಗೆ ಕಳಿಸಿ ಬಯೂಮಿಗೆ ಅಭ್ಯಾಸವಿರಲಿಲ್ಲ. ಉಪ್ಪುಕಾಗದ ತಿಕ್ಕಿ, ಅಕ್ರೋಟಿನ ಬಣ್ಣ ಕೊಟ್ಟು, ಮೂರು ಕೈ ಪಾಲಿಶ್ ಎಳೆದಿದ್ದ. ಎಣ್ಣೆ ಮಸಿಯ ಆ ಅಂಗಡಿಯಲ್ಲಿ ಅದು ಹೊಸ ಸೊಸೆಯ ಹಾಗೆ ಹೊಳೆಯುತ್ತಿತ್ತು.

"ಇದನ್ನ ರಿಪೇರಿಗೆ ಇಟ್ಕೊಂಡಿದೀಯೋ, ಮಗಳ ಮದುವೆಗೆ ಕೊಡ್ತೀಯೋ?" ಅಂತ ಚಹಾದವನು ಶಲಬಿಯನ್ನು ಕೇಳಿದ.

ಬಡಗಿಗಳು ಮರ ಕೊಯ್ಯುವ ಕುದುರೆಕಾಲಿನ ಮಣೆಗೆ ಆ ಊರಲ್ಲಿ ಕತ್ತೆಮರಿ ಅನ್ನುತ್ತಾರೆ. ಅದೇ ಹೆಸರು ಇದಕ್ಕೂ ಅಂಟಿತು.

ಒಂದು ತಿಂಗಳೊಳಗೆ ಸುದ್ದಿ ಹರಡಿತು. ಶಲಬಿಯ ಅಂಗಡಿಗೆ ಬಂದ ಬೇರೆ ಮೆಕ್ಯಾನಿಕರು ಕತ್ತೆಮರಿಯ ಸುತ್ತ ಎರಡು ಸುತ್ತು ಹಾಕಿ ಪಕ್ಕದ ಬಾಗಿಲಿಗೆ ಹೋಗುತ್ತಿದ್ದರು. ಐದು ತಿಂಗಳಲ್ಲಿ ಬಯೂಮಿ ಇಪ್ಪತ್ತಮೂರು ಕತ್ತೆಮರಿ ಮಾಡಿದ. ಒಂದು ಶಲಬಿಯದು, ಇಪ್ಪತ್ತೆರಡು ಸುತ್ತಲಿನ ಊರುಗಳಿಗೆ. ಕೆಲವು ಸಮುದ್ರದ ದಂಡೆಯ ರಾಸ್ ಅಲ್‌ಬರ್‌ಗೂ ಹೋದವು. ಅವನ ಹೆಂಡತಿ ಇನ್ಸಾಫ್ ಅಕ್ಕಪಕ್ಕದವರ ಮುಂದೆ, ನಮ್ಮವರು ಈಗ ಕತ್ತೆ ವ್ಯಾಪಾರಕ್ಕೆ ಇಳಿದಿದ್ದಾರೆ ಅನ್ನುತ್ತ ತಲೆವಸ್ತ್ರದ ಮರೆಯಲ್ಲಿ ನಗುತ್ತಿದ್ದಳು. ಬಯೂಮಿ ಮೇಲೆ ಮೇಲೆ ಗದರಿದರೂ ಒಳಗೆ ಹಿಗ್ಗುತ್ತಿದ್ದ. ಐವತ್ತೆಂಟರಲ್ಲಿ ಒಬ್ಬ ಮನುಷ್ಯನ ಕೈಗೆ ಹೊಸದಾಗಿ ಹೆಸರು ಬರುವುದು ದಿನಾ ಆಗುವ ಮಾತಲ್ಲ.

ಬೇಸಿಗೆ ಹಿಡಿದ ಒಂದು ಮಂಗಳವಾರ, ಮಧ್ಯಾಹ್ನದ ಪ್ರಾರ್ಥನೆಗೆ ಇನ್ನೂ ಅರ್ಧ ಗಂಟೆ ಇತ್ತು. ಬಯೂಮಿ ಉಜ್ಜುಗೊರಡು ಹಿಡಿದಿದ್ದ. ಗೋಡೆಯ ಆಚೆ ಒಂದು ಸದ್ದಾಯಿತು. ಮೊದಲು ಮರ, ಆಮೇಲೆ ಕಬ್ಬಿಣ. ಮರ ಮುರಿಯುವ ಸದ್ದಿನಲ್ಲಿ ಎಷ್ಟು ಬಗೆ ಇದೆ ಅಂತ ಅವನಿಗೆ ಗೊತ್ತು. ಒಳ್ಳೆಯ ಮರ ಹರಿಯುತ್ತ, ನರಳುತ್ತ ಮುರಿಯುತ್ತದೆ. ಇದು ಮಡಕೆ ಒಡೆದ ಹಾಗೆ ಒಂದೇ ಏಟಿಗೆ ಟಕ್ ಅಂದಿತ್ತು.

ಓಡಿ ಹೋದಾಗ ಬೈಕು ಬಲಕ್ಕೆ ಬಿದ್ದಿತ್ತು. ಶಲಬಿಯ ಬಲಗೈ ಸೈಲೆನ್ಸರಿನ ಅಡಿಯಲ್ಲಿತ್ತು. ಬೈಕಿನ ಯಜಮಾನನೂ ಬಯೂಮಿಯೂ ಸೇರಿ ಎತ್ತಿದರು. ಉಂಗುರದ ಬೆರಳು ಮತ್ತು ಕಿರುಬೆರಳು ನೋಡುವ ಹಾಗಿರಲಿಲ್ಲ. ಶಲಬಿ ಕೂಗಲಿಲ್ಲ. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡು, ತಪ್ಪು ತನ್ನದೇ ಅಂತ ಎರಡು ಮೂರು ಸಲ ಹೇಳಿದ. ಚಕ್ರದ ನಟ್ಟು ತುಕ್ಕು ಹಿಡಿದಿತ್ತಂತೆ, ಸ್ಪ್ಯಾನರಿಗೆ ಉದ್ದದ ಕೊಳವೆ ಸಿಕ್ಕಿಸಿ ಮೈಭಾರ ಹಾಕಿ ಎಳೆದನಂತೆ, ಬೈಕಿಗೆ ಮೇಲಿಂದ ಹಗ್ಗ ಕಟ್ಟುವುದನ್ನು ಮರೆತಿದ್ದನಂತೆ. ಬೈಕಿನವನು ಬೀದಿಯಲ್ಲಿ ಹೋಗುತ್ತಿದ್ದ ಮೂರು ಚಕ್ರದ ಗಾಡಿ ನಿಲ್ಲಿಸಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಅಂಗಡಿ ಮುಚ್ಚಿಕೊಂಡು ಬರುತ್ತೇನೆ ಅಂತ ಬಯೂಮಿ ಹಿಂದೆ ಉಳಿದ.

ಕತ್ತೆಮರಿಯ ಹಿಂದಿನ ಬಲಗಾಲು ಎರಡು ತುಂಡಾಗಿ ಬಿದ್ದಿತ್ತು. ಅವನು ಮೇಲಿನ ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. ಮುರಿದ ಬಾಯಲ್ಲಿ ಕಪ್ಪಗೆ, ದೊಡ್ಡ ಆಲಿವ್ ಕಾಯಿಯಷ್ಟು, ಒಂದು ಸತ್ತ ಗಂಟು. ಗಂಟಿನ ಸುತ್ತ ತೊಗಟೆಯ ಉಂಗುರ, ಉಂಗುರದ ಹೊರಗೆ ನುಣ್ಣಗೆ, ಕಂದು ಬಣ್ಣಕ್ಕೆ, ಪುಟ್ಟಿ. ಅದರ ಮೇಲೆ ಅಕ್ರೋಟಿನ ಬಣ್ಣ, ಅದರ ಮೇಲೆ ಮೂರು ಕೈ ಪಾಲಿಶ್. ಜೀವವಿರುವ ಗಂಟು ಮರದ ಜೊತೆ ಬೆಳೆದಿರುತ್ತದೆ, ಭಾರ ಹೊರುತ್ತದೆ. ಸತ್ತ ಗಂಟು ಅಂದರೆ ಮರದೊಳಗೆ ಒಂದು ತೂತು, ಅಷ್ಟೇ. ಆ ಗಂಟನ್ನು ಕೆದಕಿದ್ದು, ಪುಟ್ಟಿ ತುಂಬಿದ್ದು ಬಯೂಮಿಗೆ ನೆನಪಿಗೇ ಬರಲಿಲ್ಲ. ಮೂವತ್ತೊಂಬತ್ತು ವರ್ಷದಲ್ಲಿ ಎಷ್ಟು ಸಾವಿರ ಗಂಟು ಮುಚ್ಚಿದ್ದನೋ, ತಲೆಯನ್ನು ಕೇಳದೆಯೇ ಕೈ ಆ ಕೆಲಸ ಮಾಡುತ್ತಿತ್ತು. ಆದರೆ ಗುರುತು ತನ್ನ ಕೈಯದೇ. ಪುಟ್ಟಿಯನ್ನು ಹೆಬ್ಬೆರಳಿಂದ ಎಡಕ್ಕೆ ಎಳೆದು ಮುಗಿಸುವವನು ಆ ಬೀದಿಯಲ್ಲಿ ಅವನೊಬ್ಬನೇ.

ಅವನು ಎರಡೂ ತುಂಡುಗಳನ್ನು ಅಂಗಿಯ ಮರೆಯಲ್ಲಿ ಇಟ್ಟುಕೊಂಡು ತನ್ನ ಅಂಗಡಿಗೆ ಬಂದ. ಅಂಟು ಕಾಯಿಸುವ ಒಲೆ ಉರಿಯುತ್ತಿತ್ತು. ತುಂಡುಗಳನ್ನು ಅದಕ್ಕೆ ಹಾಕಿದ. ಪಾಲಿಶ್ ಇದ್ದದ್ದರಿಂದ ಬೇಗ ಹತ್ತಿಕೊಂಡವು. ಆಮೇಲೆ ಶಲಬಿಯ ಅಂಗಡಿಯ ಬಾಗಿಲೆಳೆದು ಬೀಗ ಹಾಕಿ ಆಸ್ಪತ್ರೆಗೆ ಹೋದ. ದಾರಿಯುದ್ದಕ್ಕೂ, ಮೊದಲು ಅವನ ಕೈ ವಾಸಿಯಾಗಲಿ, ಆಮೇಲೆ ಹೇಳಿದರಾಯಿತು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದು ಸುಲಭ ಅಂತ ತಿಳಿದವರು ಸುಮ್ಮನಿದ್ದು ನೋಡಬೇಕು. ಮೊದಲ ವಾರ ಬಯೂಮಿ ದಿನಾ ಶಲಬಿಯ ಮನೆಗೆ ಹೋದ. ಇನ್ಸಾಫ್ ಈರುಳ್ಳಿ ತುಂಬಿದ ಬಾತುಕೋಳಿ ಬೇಯಿಸಿ ಕಳಿಸಿದಳು. ಮೂರನೆಯ ದಿನಕ್ಕೆ ಆ ಪಾತ್ರೆ ಮರಳಿ ಬಂತು, ಅದರ ತುಂಬ ಪಾಕದಲ್ಲಿ ಅದ್ದಿದ ಮುಶಬ್ಬಕ್. ನಮ್ಮ ಜಿಲೇಬಿಯ ಅಣ್ಣತಮ್ಮ. ಶಲಬಿಯ ಹೆಂಡತಿ ಕರೀಮಾನ್ ತಾನೇ ಹೊತ್ತು ತಂದಿದ್ದಳು. ಗಂಡನನ್ನು ಬೈದುಕೊಳ್ಳುತ್ತಲೇ ಒಳಗೆ ಬಂದಳು.

"ಉಸ್ತಾ ಹಾಕಿದ ಸಂದು ಯಾವತ್ತಾದ್ರೂ ಬಿಟ್ಟಿದ್ದುಂಟಾ? ನಮ್ಮಪ್ಪನ ಮನೇಲಿ ನೀವು ಮಾಡಿದ ಕುರ್ಚಿ ಇಪ್ಪತ್ತು ವರ್ಷದಿಂದ ಅಲುಗಿಲ್ಲ. ಇವರದ್ದೇ ಅವಸರ. ಹಗ್ಗ ಕಟ್ಟೋಕೆ ಎರಡು ನಿಮಿಷ ಬೇಡ್ವಾ? ನಾಲ್ಕು ಜನ ಹೆಣ್ಮಕ್ಕಳ ತಂದೆ, ಬುದ್ಧಿ ಮಾತ್ರ ಇನ್ನೂ ಬಂದಿಲ್ಲ."

ಬಯೂಮಿ ನೆಲ ನೋಡಿದ. ಕರೀಮಾನ್ ಅದನ್ನು ವಿನಯ ಅಂದುಕೊಂಡಳು. ಮುಶಬ್ಬಕ್ ಬಾಯಿಗಿಟ್ಟರೆ ಬಿಸಿ ತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಕರೀಮಾನ್ ಎದುರಿಗೇ ಕೂತಿದ್ದಳು. ನುಂಗಿದ.

ಅವನು ಒಂದು ಹೊಸ ಕತ್ತೆಮರಿ ಮಾಡಿ ಶಲಬಿಗೆ ಬಿಟ್ಟಿಯಾಗಿ ಕೊಟ್ಟ. ಬೀದಿಯವರು ಅದನ್ನೂ ಹೊಗಳಿದರು. ಈ ಕಾಲದಲ್ಲಿ ಇಂಥ ನೆರೆಯವರು ಎಲ್ಲಿ ಸಿಗುತ್ತಾರೆ ಅಂದರು. ಹೊಗಳಿದಷ್ಟೂ ಬಯೂಮಿ ಮಸೀದಿಯ ಹಿಂದಿನ ಸಾಲಿಗೆ ಸರಿದ. ಗಡ್ಡ ಬೋಳಿಸಿಕೊಳ್ಳುವಾಗ ಕನ್ನಡಿಯಲ್ಲಿ ಗಲ್ಲ ಮಾತ್ರ ನೋಡಿಕೊಳ್ಳುತ್ತಿದ್ದ.

ಮೂರು ವಾರಕ್ಕೆ ಶಲಬಿ ಅಂಗಡಿಗೆ ಬಂದ. ಎರಡು ಬೆರಳು ಮಡಚುತ್ತಿರಲಿಲ್ಲ, ಇನ್ನು ಮಡಚುವುದೂ ಇಲ್ಲ ಅಂತ ವೈದ್ಯರು ಹೇಳಿದ್ದರು. ಅದಕ್ಕಿಂತ ಬಯೂಮಿಯನ್ನು ಕೊರೆದದ್ದು ಬೇರೆ. ಹೊಸ ಕತ್ತೆಮರಿಯ ಮೇಲೆ ಶಲಬಿ ಒಂದು ಹಳೆಯ ಕಂಬಳಿ ಹೊದಿಸಿ ಮೂಲೆಗೆ ತಳ್ಳಿದ್ದ. ಮತ್ತೆ ನೆಲದ ಮೇಲೆ ಕುಕ್ಕರುಗಾಲು. ಬೈಕಿನ ಚಕ್ರ ಬಿಚ್ಚಬೇಕಾದರೆ ಯಜಮಾನನನ್ನೇ ಹಿಡಿದುಕೊಳ್ಳುವಂತೆ ಬೇಡುತ್ತಿದ್ದ. ಬಿಗಿದ ನಟ್ಟನ್ನು ಮತ್ತೆ ಬಿಗಿಯುತ್ತಿದ್ದ, ಗಿರಾಕಿ ಹೊರಟ ಮೇಲೆ ಹಿಂದೆ ಓಡಿ ನಿಲ್ಲಿಸಿ ಇನ್ನೊಂದು ಸಲ ಬಿಗಿಯುತ್ತಿದ್ದ. ಇಪ್ಪತ್ತು ವರ್ಷ ಕಣ್ಣುಮುಚ್ಚಿ ಮಾಡಿದ ಕೆಲಸ. ಒಂದು ದಿನ ಚಹಾ ಕುಡಿಯುವಾಗ ಅವನೇ ಹೇಳಿದ, ನನ್ನ ಕೈ ಮೇಲೆ ನನಗೆ ನಂಬಿಕೆ ಹೋಗಿದೆ ಉಸ್ತಾ, ಬೈಕಿಗೆ ಕೈ ಹಾಕಿದರೆ ಅಂಗೈ ಬೆವರುತ್ತದೆ, ಅಂಗಡಿ ಮುಚ್ಚಿ ಮೀನು ಮಾರುಕಟ್ಟೆಯಲ್ಲಿ ಮೂಟೆ ಹೊರುವುದು ವಾಸಿ ಅನ್ನಿಸುತ್ತದೆ ಅಂತ.

ಅದೇ ಗಳಿಗೆಯಲ್ಲಿ ಹೇಳಬಹುದಿತ್ತು. ಬಯೂಮಿ ಬಾಯಿ ತೆರೆದದ್ದೂ ಉಂಟು. ಆದರೆ ಹೇಳಿದ್ದು, ಮೀನಿನ ಮೂಟೆಗೂ ಸೊಂಟ ಬೇಕಲ್ಲಪ್ಪ ಅಂತ. ಇಬ್ಬರೂ ನಕ್ಕರು. ಬಯೂಮಿ ಚಹಾ ಅರ್ಧಕ್ಕೇ ಬಿಟ್ಟು ತನ್ನ ಅಂಗಡಿಗೆ ಹೋದ.

ಇನ್ನೊಂದು ಚಿಂತೆ ಅವನನ್ನು ಮುಂಜಾನೆಯಿಂದಲೇ ಹಿಡಿಯುತ್ತಿತ್ತು. ಒಂದರಲ್ಲಿ ಸತ್ತ ಗಂಟು ಮುಚ್ಚಿದ ಕೈ ಉಳಿದ ಇಪ್ಪತ್ತೆರಡರಲ್ಲಿ ಏನು ಮಾಡಿದೆಯೋ? ಎಲ್ಲವೂ ಅದೇ ತುಂಡುಗಳ ರಾಶಿಯಿಂದ ಬಂದವು. ಪಾಲಿಶ್‌ನ ಮೇಲಿಂದ ನೋಡಿದರೆ ಗೊತ್ತಾಗುವ ಹಾಗಿಲ್ಲ, ಹಾಗೆ ಗೊತ್ತಾಗಬಾರದು ಅಂತಲೇ ಮಾಡಿದ ಕೆಲಸ ಅದು.

ಅವನು ಒಂದು ಉಪಾಯ ಹೂಡಿದ. ಉಪಕರಣದ ಚೀಲ ಹೊತ್ತು ಮೆಕ್ಯಾನಿಕರ ಬಳಿ ಹೋಗಿ, ಕಾಲುಗಳಿಗೆ ಇನ್ನೂ ಒಂದೊಂದು ಬೋಲ್ಟು ಹಾಕಿಕೊಡುತ್ತೇನೆ, ಎರಡು ದಿನಕ್ಕೆ ಕತ್ತೆಮರಿ ಕೊಡಿ, ದುಡ್ಡು ಬೇಡ ಅಂದ. ಊರೊಳಗಿನ ಇಬ್ಬರು ಕೊಟ್ಟರು. ತಂದು ಪಾಲಿಶ್ ಕೆರೆದ. ಒಂದು ಶುದ್ಧವಾಗಿತ್ತು. ಎರಡನೆಯದರ ಹಿಂದಿನ ಕಾಲಲ್ಲಿ, ಶಲಬಿಯದರಲ್ಲಿ ಇದ್ದ ಜಾಗದಲ್ಲೇ ಅನ್ನುವ ಹಾಗೆ, ಸತ್ತ ಗಂಟು. ಉಳಿಯ ಮೂಲೆಯಿಂದ ಮೀಟಿದ. ಹಲ್ಲು ಬಿದ್ದ ಹಾಗೆ ಅದು ಕೈಗೆ ಬಂತು. ಆ ತೂತಿನಲ್ಲಿ ಅವನ ಕಿರುಬೆರಳು ಹೋಗುತ್ತಿತ್ತು.

ಮೂರನೆಯ ಮೆಕ್ಯಾನಿಕ್ ಕೆಲಸ ಜೋರಿದೆ ಅಂತ ಕೊಡಲಿಲ್ಲ. ನಾಲ್ಕನೆಯವನು, ಬಿಟ್ಟಿ ಬೋಲ್ಟಿನ ಹಿಂದೆ ಏನೋ ಇದೆ ಅಂತ ಗುಮಾನಿಯಿಂದ ನೋಡಿದ. ಕೊಟ್ಟ ವಸ್ತುವನ್ನು ಕಾರಣ ಹೇಳದೆ ವಾಪಸ್ ಕೇಳುವವನನ್ನು ಯಾರು ನಂಬುತ್ತಾರೆ?

ಗುರುವಾರ ಅವನು ಸಣ್ಣ ಬಸ್ಸು ಹಿಡಿದು ರಾಸ್ ಅಲ್‌ಬರ್‌ಗೆ ಹೋದ. ಅಲ್ಲಿ ತುಲ್ಬಾ ಅನ್ನುವ ಮೆಕ್ಯಾನಿಕ್ ಇದ್ದ, ಮನ್ಸೂರಾದಿಂದ ಬಂದು ನೆಲೆಸಿದವನು, ಅಗಲ ಹೊಟ್ಟೆ, ಅದಕ್ಕಿಂತ ಅಗಲ ಬಾಯಿ. ಬಯೂಮಿ ಅಂಗಡಿಗೆ ಕಾಲಿಟ್ಟವನು ಹಾಗೇ ನಿಂತುಬಿಟ್ಟ. ತುಲ್ಬಾ ಮೂರು ಚಕ್ರದ ಸವಾರಿ ಗಾಡಿಯನ್ನು ಕತ್ತೆಮರಿಯ ಮೇಲೆ ಎತ್ತಿ ನಿಲ್ಲಿಸಿದ್ದ. ಬೈಕಿನ ಮೂರು ಪಟ್ಟು ಭಾರ. ತಾನು ಅದರ ಅಡಿ ಅಂಗಾತ ಮಲಗಿದ್ದ. ಎರಡು ಕಾಲು ಮಾತ್ರ ಹೊರಗೆ.

ಬಯೂಮಿ ಮೊದಲು, ಹೊರಗೆ ಬಾ ತುಲ್ಬಾ, ಒಂದು ಮಾತಿದೆ ಅಂದ. ಮಾತನ್ನು ಅಲ್ಲಿಂದಲೇ ಆಡಿ, ಕಿವಿ ಇಲ್ಲೇ ಇದೆ ಅಂತ ಗಾಡಿಯ ಅಡಿಯಿಂದ ಉತ್ತರ ಬಂತು. ಬೋಲ್ಟಿನ ಕತೆ ಹೇಳಿದ. ಅಡಿಯಿಂದ ನಗು ಕೇಳಿಸಿತು.

"ದುಮ್ಯಾತ್‌ನೋರು ಮನೆಗೆ ಬಂದ ನೆಂಟನಿಗೆ, ಊಟ ಮಾಡ್ಕೊಂಡು ಬಂದ್ರೋ, ಹೋಗಿ ಮಾಡ್ತೀರೋ ಅಂತ ಕೇಳ್ತಾರಂತೆ. ಅಂಥ ಊರಿಂದ ಬಸ್ ಚಾರ್ಜ್ ಹಾಕ್ಕೊಂಡು ಬಂದು ಬಿಟ್ಟಿ ಬೋಲ್ಟ್ ಹಾಕ್ತೀನಿ ಅಂದ್ರೆ ನಾನು ಬಾಗಿಲು ಹಾಕ್ಕೋಬೇಕು ಉಸ್ತಾ. ಬೆಲೆ ಏರಿತಾ? ವಾಪಸ್ ತಗೊಂಡು ಇನ್ನೊಬ್ಬನಿಗೆ ಮಾರ್ತೀರಾ?"

ಮಾತಿನ ಜೊತೆಗೇ ಸ್ಪ್ಯಾನರು ಎಳೆದ. ಗಾಡಿ ಒಂದು ಸಲ ಅಲುಗಿತು. ಕತ್ತೆಮರಿಯ ಕಾಲು ಸಿಮೆಂಟಿನ ಮೇಲೆ ಕಿರ್ ಅಂದಿತು.

"ಮೊದಲು ಈಚೆ ಬಾ. ಕಾಲಲ್ಲಿ ಸತ್ತ ಗಂಟಿರಬಹುದು. ಇದ್ರೆ ನಾನೇ ಪುಟ್ಟಿ ತುಂಬಿ ಮುಚ್ಚಿರ್ತೀನಿ. ನೋಡಿದ್ರೆ ಕಾಣಲ್ಲ. ಮುರಿಯುತ್ತೆ."

ಇಷ್ಟು ದೊಡ್ಡ ಹೊಟ್ಟೆಯವನು ಇಷ್ಟು ಬೇಗ ಹೊರಗೆ ಬರಬಲ್ಲ ಅಂತ ಯಾರೂ ನಂಬುವುದಿಲ್ಲ. ತುಲ್ಬಾ ಎದ್ದು ನಿಂತು ಬಯೂಮಿಯನ್ನೂ ಕತ್ತೆಮರಿಯನ್ನೂ ನೋಡಿದ. ನಗು ಮುಖದಿಂದ ಪೂರಾ ಹೋಗಿರಲಿಲ್ಲ, ಎಲ್ಲೋ ಕೆನ್ನೆಯಲ್ಲಿ ಸಿಕ್ಕಿಕೊಂಡಿತ್ತು. ಇಬ್ಬರೂ ಸೇರಿ ಗಾಡಿಯನ್ನು ನಿಧಾನವಾಗಿ ಟೈರುಗಳ ಮೇಲೆ ಇಳಿಸಿದರು. ಬಯೂಮಿ ಮೊಣಕಾಲೂರಿ ನಾಲ್ಕೂ ಕಾಲು ಕೆರೆದ. ಮೂರು ಶುದ್ಧ. ನಾಲ್ಕನೆಯದರಲ್ಲಿ ಪುಟ್ಟಿ ಎದ್ದು ಬಂತು, ಅಡಿಯಲ್ಲಿ ಕಪ್ಪು.

ತುಲ್ಬಾ ಬಗ್ಗಿ ಆ ಕಪ್ಪನ್ನು ಬೆರಳಿಂದ ಮುಟ್ಟಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

"ಹಾಗಾದ್ರೆ ಶಲಬಿದು?"

ಬಯೂಮಿ ಹೌದೆಂದು ತಲೆಯಾಡಿಸಿದ.

"ಅವನಿಗೆ ಗೊತ್ತಾ?"

ಬಯೂಮಿ ಉಳಿಯನ್ನು ಚೀಲಕ್ಕೆ ಹಾಕತೊಡಗಿದ. ತುಲ್ಬಾಗೆ ಅಷ್ಟು ಸಾಕಾಯಿತು. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕತ್ತೆಮರಿಯನ್ನು ಕಾಲಿಂದ ಬಯೂಮಿಯ ಕಡೆಗೆ ತಳ್ಳಿ, ಎಣ್ಣೆಯ ಬಟ್ಟೆಯಿಂದ ಕೈ ಒರೆಸಿಕೊಂಡು, ಜೇಬಿಂದ ಫೋನು ತೆಗೆದ.

ತಾನೇ ಮೊದಲು ಹೇಳಬೇಕು ಅಂತ ಬಯೂಮಿ ನಿಲ್ದಾಣಕ್ಕೆ ಓಡಿದ, ಅವನ ವಯಸ್ಸಿಗೆ ಎಷ್ಟು ಓಡಲಾದೀತೋ ಅಷ್ಟು. ಬಸ್ಸಿನಲ್ಲಿ ಐದು ಜನ ಕೂತಿದ್ದರು. ಹದಿನಾಲ್ಕು ತುಂಬದೆ ಚಾಲಕ ಬಸ್ಸು ತೆಗೆಯುವವನಲ್ಲ. ಉಳಿದ ಒಂಬತ್ತು ಸೀಟಿನ ದುಡ್ಡು ನಾನೇ ಕೊಡುತ್ತೇನೆ, ಹೊರಡು ಅಂತ ಬಯೂಮಿ ಅಂಗಲಾಚಿದ. ದುಮ್ಯಾತ್‌ನ ಒಬ್ಬ ಮುದುಕ ಖಾಲಿ ಸೀಟಿಗೆ ದುಡ್ಡು ಕೊಡುತ್ತೇನೆ ಅನ್ನುವುದನ್ನು ಕೇಳಿ ಚಾಲಕನಿಗೆ ಗಾಬರಿಯೇ ಆಯಿತು. ಯಾರಾದರೂ ಸತ್ತಿದ್ದಾರಾ ಚಿಕ್ಕಪ್ಪ ಅಂತ ಕೇಳಿದ. ಇಲ್ಲ ಅಂದ ಬಯೂಮಿ. ಚಾಲಕ ಎರಡು ಸೀಟಿನ ದುಡ್ಡು ಮಾತ್ರ ಇಸಿದುಕೊಂಡು ಹೊರಟ. ಹದಿನೈದು ಕಿಲೋಮೀಟರಿನ ಆ ದಾರಿಯಲ್ಲಿ ಏಳು ಕಡೆ ನಿಲ್ಲಿಸಿ ಜನ ಹತ್ತಿಸಿಕೊಂಡ.

ಬೀದಿಯ ತಿರುವಿನಲ್ಲಿ ಇಳಿದಾಗಲೇ ಬಯೂಮಿಗೆ ಗೊತ್ತಾಯಿತು. ಚಹಾದವನು ಅವನನ್ನು ಕಂಡು ತಟ್ಟೆ ಒರೆಸುವುದರಲ್ಲಿ ಮುಳುಗಿದ. ಶಲಬಿ ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದ, ಎಡಗೈಯಲ್ಲಿ ಫೋನು. ಬಲಗೈಯ ಎರಡು ಬೆರಳು ನೆಟ್ಟಗೆ ಚಾಚಿಕೊಂಡಿದ್ದವು. ಕರೀಮಾನ್ ಒಳಗೆ ಮಣೆಯ ಮೇಲೆ ಕೂತಿದ್ದಳು.

ದಾರಿಯಲ್ಲಿ ಬಯೂಮಿ ಒಂದಿಷ್ಟು ಮಾತು ಜೋಡಿಸಿಕೊಂಡಿದ್ದ. ಕೈಯ ರೂಢಿ, ಬೀದಿಯ ರೂಢಿ, ಗಂಟು ಮುಚ್ಚುವುದು ಅಪರಾಧ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ ಅನ್ನುವುದು. ಅವನು ಅದರಲ್ಲಿ ಎರಡು ಮಾತು ಆಡುವಷ್ಟರಲ್ಲಿ ಶಲಬಿ ಕೈ ಎತ್ತಿ ತಡೆದ.

"ಗಂಟು ಮರದ್ದು, ಉಸ್ತಾ. ಪುಟ್ಟಿ ಊರಿನ ರೂಢಿ. ಅದಕ್ಕೆ ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಮುಚ್ಚಿದ ಬಾಯಿ ನಿನ್ನದು. ನಲವತ್ತು ದಿನ ನನ್ನ ಪಕ್ಕ ಕೂತು ಚಹಾ ಕುಡಿದೆ. ಬಿಗಿದ ನಟ್ಟನ್ನೇ ನಾನು ಮತ್ತೆ ಬಿಗಿಯೋದನ್ನ ನೋಡ್ದೆ. ಮೀನಿನ ಮೂಟೆ ಅಂತ ನಗಾಡ್ದೆ."

ಬಯೂಮಿ, ಹೌದು ಅಂದ.

ಕರೀಮಾನ್ ಎದ್ದು ಬಂದಳು. ಅವಳ ಕಣ್ಣು ಕೆಂಪಾಗಿತ್ತು. ಬಯೂಮಿಯ ಕಡೆ ನೋಡದೆ ಗಂಡನಿಗೇ ಹೇಳಿದಳು, ಇಷ್ಟು ದಿನ ಇವರ ಮುಂದೆ ನಿಮಗೆ ಬುದ್ಧಿ ಇಲ್ಲ ಅಂದೆನಲ್ಲ, ಇವರು ಕೇಳಿಸಿಕೊಂಡು ಸುಮ್ಮನೆ ಕೂತಿದ್ದರಲ್ಲ ಅಂತ. ಅಷ್ಟು ಹೇಳಿ ತಲೆವಸ್ತ್ರ ಸರಿಪಡಿಸಿಕೊಂಡು ಮನೆಗೆ ಹೋದಳು. ಆ ದಿನ ಬಯೂಮಿ ಕೇಳಿದ ಮಾತುಗಳಲ್ಲಿ ಅದೇ ಅವನಿಗೆ ಆಳಕ್ಕೆ ನಾಟಿದ್ದು.

ಮನೆಗೆ ಹೋಗಿ ಇನ್ಸಾಫ್‌ಗೆ ಹೇಳಿದ. ಅವಳು ಮೊದಲು ನಂಬಲಿಲ್ಲ. ನಂಬಿದ ಮೇಲೆ, ಬಾತುಕೋಳಿ ಕಳಿಸಿದ ದಿನ ನಿಮಗೆ ಗೊತ್ತಿತ್ತಾ ಅಂತ ಒಂದೇ ಪ್ರಶ್ನೆ ಕೇಳಿದಳು. ಗೊತ್ತಿತ್ತು ಅಂದ. ಅವಳು ಎದ್ದು ಅಡುಗೆಮನೆಗೆ ಹೋದಳು. ಅಕ್ಕಪಕ್ಕದವರ ಮುಂದೆ ಕತ್ತೆ ವ್ಯಾಪಾರದ ಮಾತನ್ನು ಆಮೇಲೆ ಯಾವತ್ತೂ ಎತ್ತಲಿಲ್ಲ.

ಶುಕ್ರವಾರ ಕಳೆದು ಶನಿವಾರದಿಂದ ಬಯೂಮಿ ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಕತ್ತೆಮರಿಗಳು ತಾವಾಗಿ ಬಂದವು, ಬೈಕಿನ ಹಿಂದೆ ಕಟ್ಟಿಕೊಂಡು, ತಳ್ಳುಗಾಡಿಯಲ್ಲಿ, ಒಬ್ಬನಂತೂ ತಲೆಯ ಮೇಲೆ ಹೊತ್ತು ತಂದ. ಕೆಲವರು ಬೈದರು. ಕೆಲವರು ಅವನ ಬಾಗಿಲಲ್ಲಿ ಎಸೆದು ಮಾತಿಲ್ಲದೆ ಹೋದರು. ಅವನು ಒಳಗೆ ಕೂರಲಿಲ್ಲ. ಬೀದಿಯಲ್ಲಿ, ಬಿಸಿಲಲ್ಲಿ, ಎಲ್ಲರಿಗೂ ಕಾಣುವ ಹಾಗೆ ಮಣೆ ಹಾಕಿಕೊಂಡು ಪಾಲಿಶ್ ಕೆರೆದ. ಶಲಬಿಯ ಅಂಗಡಿಯ ಬಾಗಿಲು ಆ ದಿನಗಳಲ್ಲೆಲ್ಲ ತೆರೆದೇ ಇತ್ತು. ಪಾಲಿಶ್‌ನ ಒಬ್ಬ ಹಳೆಯ ಮೇಸ್ತ್ರಿ ನಿಂತು ನೋಡಿ, ಮುಖ ಶುದ್ಧ ಮಾಡೋನು ಮುಖ ಕೆರೀತಾ ಕೂತಿದಾನೆ ಅಂತ ಅಂದು ಹೋದ. ಜನ ನಕ್ಕರು. ಬಯೂಮಿ ತಲೆ ಎತ್ತಲಿಲ್ಲ. ಒಂಬತ್ತು ದಿನ ಹಿಡಿಯಿತು.

ಎರಡನೆಯ ದಿನವೋ ಮೂರನೆಯ ದಿನವೋ, ಅವನು ಉಳಿ ಮಸೆಯಲು ನಿಲ್ಲಿಸಿದಾಗ ಪಕ್ಕದಿಂದ ಒಂದು ಸದ್ದು ಕೇಳಿಸಿತು, ಬೆಣೆ ಬಡಿಯುವ ಸದ್ದು. ತಿರುಗಿ ನೋಡುವ ಧೈರ್ಯ ಬರಲು ಸ್ವಲ್ಪ ಹೊತ್ತು ಬೇಕಾಯಿತು. ಶಲಬಿ ಹೊಸ ಕತ್ತೆಮರಿಯ ಪಾಲಿಶ್ ಪೂರಾ ತಾನೇ ಕೆರೆದು, ಬಿಳಿ ಮರ ಮಾಡಿ, ನಾಲ್ಕೂ ಕಾಲನ್ನು ಸುತ್ತಿಗೆಯಿಂದ ತಟ್ಟಿ ನೋಡಿ, ಅದರ ಮೇಲೆ ಒಂದು ಬೈಕು ಏರಿಸಿದ್ದ. ಹಗ್ಗ ಕಟ್ಟಿದ್ದ. ಯಾರನ್ನೂ ಹಿಡಿದುಕೊಳ್ಳಲು ಕರೆದಿರಲಿಲ್ಲ. ಮಡಚದ ಎರಡು ಬೆರಳನ್ನು ಪಕ್ಕಕ್ಕಿಟ್ಟು ಮೂರು ಬೆರಳಲ್ಲಿ ಸ್ಪ್ಯಾನರು ಹಿಡಿದು ಚಕ್ರದ ನಟ್ಟು ಬಿಚ್ಚಿದ. ಬಿಗಿಯುವಾಗ ಒಂದೇ ಸಲ ಬಿಗಿದ. ಗಿರಾಕಿ ಹೊರಟ. ಶಲಬಿ ಹಿಂದೆ ಓಡಲಿಲ್ಲ.

ಆಮೇಲೆ ಅವನು ಮಣೆಯನ್ನು ತಿರುಗಿಸಿ, ಬಯೂಮಿಯ ಕಡೆಗೆ ಬೆನ್ನು ಮಾಡಿ ಕೂತು ಚಹಾ ತರಿಸಿಕೊಂಡ. ಒಂದೇ ಲೋಟ.

ಇಪ್ಪತ್ತೆರಡು ಕತ್ತೆಮರಿಗಳಲ್ಲಿ ಏಳರಲ್ಲಿ ಪುಟ್ಟಿ ಸಿಕ್ಕಿತು. ಏಳರಲ್ಲಿ ಮೂರು ಸತ್ತ ಗಂಟು, ಮೂರೂ ಕಾಲಲ್ಲಿ. ಆ ಮೂರರಿಂದ ಯಾರ ಮೈಯೂ ನಜ್ಜುಗುಜ್ಜಾಗಲಿಲ್ಲ. ಶಲಬಿ ತನ್ನ ಕೆಲಸಕ್ಕೆ ಮರಳಿದ, ಮಡಚದ ಎರಡು ಬೆರಳಿನೊಂದಿಗೆ. ಬಯೂಮಿಗೆ ಸ್ಟ್ಯಾಂಡಿನ ಕೆಲಸ ಹೋಯಿತು, ಕುರ್ಚಿಯ ಕೆಲಸವೂ ಮುಕ್ಕಾಲು ಹೋಯಿತು. ಹನ್ನೆರಡು ವರ್ಷದ ನೆರೆಯವನು ಈಗಲೂ ಅದೇ ಗೋಡೆಯ ಆಚೆ ಇದ್ದಾನೆ, ಮಾತಾಡುವುದಿಲ್ಲ.